ಕಣ್ಣಿಟ್ಟವರು ಹೇಳಬೇಕು, ಉಳಿದವರು ಕೇಳಬೇಕು

ನಿಮ್ಮ ಮನೆಯಲ್ಲಿ ದಿನವಿಡೀ ಮಗುವಿನ ಕಿವಿಗೆ ಯಾವ ಕನ್ನಡ ಬೀಳುತ್ತದೆ, ಒಮ್ಮೆ ಗಮನಿಸಿ. ‘ಹಲ್ಲುಜ್ಜು’, ‘ಊಟಕ್ಕೆ ಬಾ’, ‘ಹೋಂವರ್ಕ್ ಆಯ್ತಾ?’, ‘ಟಿವಿ ಆರಿಸು’. ಬಹಳಷ್ಟು ಮನೆಗಳಲ್ಲಿ ಕನ್ನಡ ಹೀಗೆ ಅಪ್ಪಣೆ ಕೊಡುವ ಭಾಷೆಯಾಗಿ ಉಳಿದುಬಿಡುತ್ತದೆ. ಡೈನೋಸಾರ್, ರಾಕೆಟ್, ಗ್ರಹಗಳ ಮಾತು ಬಂದ ಕೂಡಲೇ ಮಗು ಶಾಲೆಯ ಭಾಷೆಗೆ ಜಾರುತ್ತದೆ, ಹಿಂದೆಯೇ ನಾವೂ ಜಾರುತ್ತೇವೆ. ಹತ್ತು ವರ್ಷ ಹೀಗೇ ನಡೆದರೆ ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಕನ್ನಡದಲ್ಲಿ ಹೇಳಲು ಅದರ ಬಳಿ ಏನೂ ಇರುವುದಿಲ್ಲ.

ಅದಕ್ಕೇ ಈ ತಿಂಗಳು ಒಂದು ಹವ್ಯಾಸ ಹೇಳುತ್ತೇನೆ: ಚಂದ್ರ ಮತ್ತು ಗ್ರಹಗಳ ಫೋಟೋ ತೆಗೆಯುವುದು. ಟೆಲಿಸ್ಕೋಪಿನ ಐಪೀಸಿಗೆ ಒಂದು ಸಲಕ್ಕೆ ಒಬ್ಬರೇ ಕಣ್ಣಿಡಬಹುದು. ಮಗು ನೋಡುತ್ತಿರುವಾಗ ನಿಮಗೆ ಏನೂ ಕಾಣದು. ಅದು ಹೇಳಿದರೆ ಮಾತ್ರ ಗೊತ್ತು. ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಮಕ್ಕಳಿಗೆ ಬೇಕಾದಷ್ಟು ಕೇಳುತ್ತೇವೆ. ಇಲ್ಲಿ ‘ಏನು ಕಾಣ್ತಾ ಇದೆ, ಪುಟ್ಟಾ?’ ಎಂದು ತಿಳಿದುಕೊಳ್ಳಲೆಂದೇ ಕೇಳುತ್ತೀರಿ. ಆದ್ದರಿಂದ ಒಂದೇ ನಿಯಮ ಇಟ್ಟುಕೊಳ್ಳಿ: ಮೊದಲು ಕಣ್ಣಿಟ್ಟು ನೋಡಿ ಕನ್ನಡದಲ್ಲಿ ಹೇಳುವುದು, ಆಮೇಲೆ ಫೋನ್ ಜೋಡಿಸುವುದು.

ಆಕಾಶಗಂಗೆಯ ಫೋಟೋಗೆ ಕತ್ತಲೆಯ ಊರು ಬೇಕು. ಚಂದ್ರ, ಗುರು, ಶನಿಗೆ ಬೇಡ. ದುಬೈ, ಸಿಂಗಪುರದ ಬೀದಿದೀಪಗಳ ನಡುವೆಯೂ ತೆಗೆಯಬಹುದು. ನಾಲ್ಕೈದು ಇಂಚು ಕನ್ನಡಿಯ ಟೆಲಿಸ್ಕೋಪ್, ಫೋನನ್ನು ಐಪೀಸಿಗೆ ಹಿಡಿದಿಡುವ ಅಡಾಪ್ಟರ್ ಇದ್ದರೆ ಆರಂಭಕ್ಕೆ ಸಾಕು. ಕಿಟಕಿ ಗಾಜಿನ ಹಿಂದೆ ನಿಲ್ಲಿಸಬೇಡಿ. ಅರ್ಧ ಗಂಟೆ ಮೊದಲೇ ಹೊರಗಿಡಿ; ಒಳಗಿನ ಗಾಳಿ, ಹೊರಗಿನ ಗಾಳಿ ಒಂದೇ ಹದಕ್ಕೆ ಬಂದರೆ ಚಿತ್ರ ಕಡಿಮೆ ಅಲುಗುತ್ತದೆ. ಗಲ್ಫ್‌ನ ಸೆಕೆಯಲ್ಲಿ ಎಸಿ ಕೋಣೆಯಿಂದ ತಂದ ಗಾಜಿಗೆ ಹನಿ ಕಟ್ಟುವುದೂ ಉಂಟು. ಒಂದು ಎಚ್ಚರ: ಸೂರ್ಯನ ಕಡೆ ಟೆಲಿಸ್ಕೋಪ್ ತಿರುಗಿಸಲೇಕೂಡದು, ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಹಗಲು ಹೊತ್ತು ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಶುರು ಮಾಡಲು ಹುಣ್ಣಿಮೆ ಒಳ್ಳೆಯ ದಿನವಲ್ಲ. ಅಂದು ಬಿಸಿಲು ಚಂದ್ರನ ಮೇಲೆ ನೇರವಾಗಿ ಬಿದ್ದು ನೆರಳೇ ಇಲ್ಲದೆ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಶುಕ್ಲ ಸಪ್ತಮಿ, ಅಷ್ಟಮಿಯ ಸಂಜೆ ಅರ್ಧಚಂದ್ರನನ್ನು ನೋಡಿ. ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯ ಪಕ್ಕದಲ್ಲಿ ಗುಳಿಗಳ ನೆರಳು ಉದ್ದವಾಗಿ ಚಾಚಿರುತ್ತದೆ. ಗುಳಿ, ಅಂಚು, ದಿಣ್ಣೆ, ನೆರಳು, ಮಸುಕು, ತುಸು ಎಡಕ್ಕೆ, ಅಲುಗಾಡಿಸಬೇಡ: ಇಷ್ಟೂ ಮಾತು ಆ ಹತ್ತು ನಿಮಿಷದಲ್ಲಿ ತಾವಾಗಿ ಬೇಕಾಗುತ್ತವೆ. ಫೋಕಸ್, ಐಪೀಸ್ ಹಾಗೇ ಇರಲಿ. ಫೋನಿನಲ್ಲಿ ಚಂದ್ರ ಬರೀ ಬಿಳಿ ಉಂಡೆಯಾಗಿ ಕಂಡರೆ, ಪರದೆಯಲ್ಲಿ ಅವನ ಮೇಲೆ ಬೆರಳೊತ್ತಿ ಬೆಳಕನ್ನು ಇಳಿಸಿ. ಮೂರು ಸೆಕೆಂಡಿನ ಟೈಮರ್ ಇಟ್ಟರೆ ಕೈ ತಾಗಿ ನಡುಗುವುದು ತಪ್ಪುತ್ತದೆ.

ಗ್ರಹಗಳಿಗೆ ಒಂದೇ ಫೋಟೋ ಸಾಲದು. ಗುರು ನಮ್ಮ ಕಣ್ಣಿಗೆ ಚಂದ್ರನ ನಲವತ್ತನೇ ಒಂದು ಪಾಲಿನಷ್ಟು ಅಗಲ ಮಾತ್ರ. ಮೇಲಿನ ಗಾಳಿ ಅದನ್ನು ನೀರಿನೊಳಗಿನ ನಾಣ್ಯದಂತೆ ಕುಣಿಸುತ್ತದೆ. ಹಾಗಾಗಿ ಹವ್ಯಾಸಿಗಳು ವೀಡಿಯೊ ತೆಗೆಯುತ್ತಾರೆ. ಸೆಕೆಂಡಿಗೆ 30ರಂತೆ ಎರಡು ನಿಮಿಷಕ್ಕೆ 3,600 ಚಿತ್ರ. ಆಟೋಸ್ಟಾಕರ್ಟ್ ಎಂಬ ಉಚಿತ ತಂತ್ರಾಂಶ ಅವುಗಳಲ್ಲಿ ಗಾಳಿ ತಣ್ಣಗಿದ್ದ ಕ್ಷಣಗಳದ್ದನ್ನು ಆರಿಸಿ, ಒಂದರ ಮೇಲೊಂದು ಜೋಡಿಸಿ, ಒಂದೇ ಸ್ಪಷ್ಟ ಚಿತ್ರ ಮಾಡಿಕೊಡುತ್ತದೆ. ಗುರುವಿನ ವೀಡಿಯೊ ಬಹಳ ಉದ್ದ ಬೇಡ. ಅದು ಹತ್ತು ಗಂಟೆಯೊಳಗೇ ಒಂದು ಸುತ್ತು ತಿರುಗುವುದರಿಂದ ಪಟ್ಟೆಗಳ ಮೇಲಿನ ಕಲೆಗಳು ಸರಿದುಬಿಡುತ್ತವೆ. ವಾರದ ಹೆಸರು ಕಲಿಸಲೂ ಇದೇ ಸಮಯ. ಗುರುವಾರದ ಗುರು, ಶನಿವಾರದ ಶನಿ ಯಾರೆಂದು ಕಣ್ಣಾರೆ ಕಂಡ ಮಗು ಅವೆರಡನ್ನು ಸುಲಭಕ್ಕೆ ಮರೆಯುವುದಿಲ್ಲ.

‘ನಾಸಾ ಫೋಟೋ ಇರುವಾಗ ನಾವ್ಯಾಕೆ ತೆಗೀಬೇಕು?’ ಎಂದು ಮಗು ಕೇಳಿದರೆ ಆಂಥೊನಿ ವೆಸ್ಲಿಯ ಕಥೆ ಹೇಳಿ. ಆಸ್ಟ್ರೇಲಿಯಾದ ಮರಂಬೇಟ್‌ಮನ್ ಎಂಬ ಸಣ್ಣ ಊರಿನ ಹವ್ಯಾಸಿ ಆತ. 2009ರ ಜುಲೈ 19ರಂದು ತನ್ನ ಮನೆಯ ಟೆಲಿಸ್ಕೋಪಿನಲ್ಲಿ ಗುರುವಿನ ದಕ್ಷಿಣ ಧ್ರುವದ ಬಳಿ ಹಿಂದೆ ಇರದಿದ್ದ ಕಪ್ಪು ಕಲೆ ಕಂಡ. ಏನೋ ಬಂದು ಗುರುವಿಗೆ ಬಡಿದ ಗುರುತು ಅದು. ಹವಾಯಿಯಲ್ಲಿರುವ ನಾಸಾದ ದೊಡ್ಡ ಟೆಲಿಸ್ಕೋಪ್ ಅದನ್ನು ಖಚಿತಪಡಿಸಿದ್ದು ಆಮೇಲೆ.

ತೆಗೆದ ಫೋಟೋವನ್ನು ಊರಿಗೆ ಕಳಿಸಿ. ‘ಇವತ್ತು ಯಾವ ತಿಥಿ, ಅಜ್ಜಿ?’ ಎಂದು ಮಗುವೇ ಕೇಳಲಿ. ಯುಗಾದಿಯ ಮರುದಿನ ಊರಿನಲ್ಲಿ ಬಿದಿಗೆ ಚಂದ್ರ ದೋಣಿಯಂತೆ ಮಲಗಿರುತ್ತಾನೆ. ಬರ್ಲಿನ್‌ನಲ್ಲಿ ಒಂದು ಕಡೆಗೆ ವಾಲಿದರೆ ಮೆಲ್ಬರ್ನ್‌ನಲ್ಲಿ ಇನ್ನೊಂದು ಕಡೆಗೆ ವಾಲುತ್ತಾನೆ. ಅಜ್ಜಿ ತೋರಿಸುವ ಚಂದ್ರನ ಮೊಲವೂ ಅಲ್ಲಿ ತಿರುಗಿಬಿದ್ದಂತೆ ಕಾಣುತ್ತದೆ. ಯಾಕೆ ಹೀಗೆ ಎಂದು ಇಬ್ಬರೂ ವಾದಿಸಲಿ. ಟೆಲಿಸ್ಕೋಪ್ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಈ ಹೋಲಿಕೆಗೆ ಬರೀ ಫೋನಿನಲ್ಲಿ ತೆಗೆದದ್ದೇ ಸರಿ.

ಮಗು ‘ಗುಳಿಗಳು ಇದೆ’ ಎಂದರೆ ಕತ್ತಲಲ್ಲಿ ವ್ಯಾಕರಣ ತಿದ್ದಲು ಹೋಗಬೇಡಿ. ‘ಹೌದಾ? ಎಷ್ಟು ಗುಳಿಗಳಿವೆ?’ ಎಂದು ಮುಂದಿನ ಪ್ರಶ್ನೆ ಕೇಳಿ. ಸರಿಯಾದ ರೂಪ ಅದರ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. ಮಲಗುವ ಮುಂಚೆ ಫೋಟೋದ ಕೆಳಗೆ ತಾರೀಖು, ತಿಥಿ ಮತ್ತು ಮಗು ಹೇಳಿದ ಒಂದು ವಾಕ್ಯ ಬರೆದಿಡಿ, ಅದು ಹೇಳಿದ ಹಾಗೆಯೇ. ಮುಂದಿನ ಶುಕ್ಲ ಅಷ್ಟಮಿ ಎಂದು, ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.