ಹಳದಿ ಅಗಸೆ: ಕೀಳದೆ ಗುರುತಿಸಿ

ಮಕ್ಕಳೇ, ನಾವು ಬೆಳೆಯುವ ಎಣ್ಣೆಬೀಜದ ಅಗಸೆಗೆ ನೀಲಿ ಹೂ. ಹಳದಿ ಹೂವಿನ ಕಾಡು ಅಗಸೆಯೂ ಇದೆ ಗೊತ್ತೇ? ಅದರ ವೈಜ್ಞಾನಿಕ ಹೆಸರು ‘ಲೈನಮ್ ಮೈಸೂರೆನ್ಸ್’. ನಮ್ಮ ಮೈಸೂರಿನ ಹೆಸರೇ ಅದರಲ್ಲಿದೆ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಒಣ ಹುಲ್ಲುಬಯಲುಗಳಲ್ಲಿ ಮಳೆಗಾಲದ ಕೊನೆಗೆ ಹುಡುಕಿ ನೋಡಿ. ನೆಗ್ಗಿಲಿಗೂ ಐದು ಹಳದಿ ಎಸಳುಗಳಿವೆ. ಆದರೆ ಅದು ನೆಲದ ಮೇಲೆ ಹರಡುತ್ತದೆ. ಅದರ ಕಾಯಿಗೆ ಮುಳ್ಳಿದೆ. ಕಾಡು ಅಗಸೆ ತೆಳ್ಳಗೆ, ನೆಟ್ಟಗೆ ನಿಲ್ಲುತ್ತದೆ. ಎಲೆ ಕಿರಿದು, ಗುಂಡನೆಯ ಕಾಯಿಗೆ ಮುಳ್ಳಿಲ್ಲ.

ಗುರುತಿಸಲು ಗಿಡ ಕೀಳಬೇಡಿ. ಒಂದೇ ವರ್ಷ ಬದುಕಿ, ಬೀಜ ಬಿಟ್ಟು ಒಣಗುವ ಗಿಡವಿದು. ಹೂವಿರುವಾಗಲೇ ಕಿತ್ತರೆ ಬೀಜ ಎಲ್ಲಿಂದ ಬರಬೇಕು? ಚಿತ್ರ ಬರೆದುಕೊಳ್ಳಿ.

ಹುಲ್ಲುಬಯಲನ್ನು ‘ಪಾಳು ನೆಲ’ ಎನ್ನುವುದೂ ತಪ್ಪು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಬದುಕಿರುವುದು ಅಂಥ ಬಯಲಿನಲ್ಲೇ. ಯಾರಾದರೂ ಪಾಳು ಎಂದರೆ ನಿಮ್ಮ ಚಿತ್ರ ತೋರಿಸಿ.