ಮೇಲ್ಮಣ್ಣಿನ ಪಾಠ



ಮಣ್ಣಿನ ಪದರುಗಳ ಪಾಠ ಮಾಡುವಾಗ ನಾನು ಕಪ್ಪುಹಲಗೆಯ ಮೇಲೆ ಅಡ್ಡಗೆರೆಗಳನ್ನೆಳೆದು ಮೇಲ್ಮಣ್ಣು, ಕೆಳಮಣ್ಣು, ಶಿಥಿಲ ಶಿಲೆ ಎಂದು ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. ಆ ಚಿತ್ರಕ್ಕೆ ನಿಮಗೆಲ್ಲ ಅಂಕ ಕೊಟ್ಟ ನಾನೇ, ನಿವೃತ್ತಿಯ ನಂತರ ಇಟ್ಟಂಗಿಹಾಳದ ನಮ್ಮ ಹೊಲದಲ್ಲಿ ಅದೇ ಪಾಠದಲ್ಲಿ ಅನುತ್ತೀರ್ಣನಾದೆ.

ನಮ್ಮ ಎರೆಭೂಮಿಯ ತಳದಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕರಿಕಲ್ಲು. ಬಿಸಿಲು, ಮಳೆ, ಬೇರುಗಳಿಂದ ಅದು ಸಡಿಲಗೊಂಡು ಗರಸಾಗುತ್ತದೆ; ಗರಸು ಕಾಲಾಂತರದಲ್ಲಿ ಜಿಗುಟು ಮಣ್ಣಾಗುತ್ತದೆ. ನಮ್ಮಲ್ಲಿ ಮಳೆ ಕಡಿಮೆಯಾದ್ದರಿಂದ ಸುಣ್ಣದ ಅಂಶ ಪೂರ್ತಿ ತೊಳೆದುಹೋಗದೆ ಕೆಳಗೆ ಬಿಳಿಯ ಹರಳುಗಳಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಎರೆ ಬಿರಿದಾಗ ಮೇಲಿನ ಮಣ್ಣು ಬಿರುಕಿಗೆ ಬೀಳುತ್ತದೆ. ಮಳೆ ಬಿದ್ದಾಗ ನೆಲ ಉಬ್ಬಿ ಒಳಗೊಳಗೇ ಹೊರಳುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಇಂಥ ಭೂಮಿಯಲ್ಲಿ ಪದರುಗಳ ನಡುವೆ ನನ್ನ ಗೆರೆಗಳಷ್ಟು ಸ್ಪಷ್ಟ ಗಡಿ ಇಲ್ಲ. ಆದರೂ ಒಂದು ಅಂಗುಲ ಮೇಲ್ಮಣ್ಣು ಸಿದ್ಧವಾಗಲು ಶತಮಾನಗಳೇ ಬೇಕು.

ಕಾಲುವೆ ನೀರಿನ ಆಸೆಯಿಂದ ಹೊಲ ಸಮತಟ್ಟು ಮಾಡಿಸಲು ನಾನು ಜೇಸಿಬಿ ತರಿಸಿದೆ. ತಂದೆಯವರು ವರ್ಷವರ್ಷವೂ ಮಣ್ಣೇರಿಸಿ ಕಾಯ್ದ ಒಡ್ಡುಗಳು ಎರಡೇ ದಿನದಲ್ಲಿ ಮಾಯವಾದವು. ದಿಬ್ಬದ ಮೇಲ್ಮಣ್ಣು ತಗ್ಗಿನ ತಳ ಸೇರಿತು. ಸುಣ್ಣದ ಹರಳಿನ ಕೆಳಮಣ್ಣು ಮೇಲೆ ಬಂದಿತು. ಮರುವರ್ಷದ ಹಿಂಗಾರಿ ಬಿಳಿಜೋಳ ಅಲ್ಲಿ ಮೊಣಕಾಲೆತ್ತರಕ್ಕೇ ಹಳದಿಗಟ್ಟಿ ನಿಂತಿತು. ನಮ್ಮ ಹೊಲದಲ್ಲಿ ಬಹುಕಾಲ ದುಡಿದ ಹಿರಿಯರೊಬ್ಬರು ನೋಡಿ, "ಮಾಸ್ತರ್ರ, ಭೂಮಿತಾಯಿನ್ನ ಬೋರಲ ಮಲಗಿಸೀರಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನೀರಾವರಿ ಬೇಡವೆಂದು ನಾನು ಹೇಳುತ್ತಿಲ್ಲ. ಬರವನ್ನು ಕಂಡ ಈ ಜಿಲ್ಲೆಯಲ್ಲಿ ಹಾಗೆ ಹೇಳುವುದು ಪಾಪ. ಆದರೆ ಇದೇ ವಿಜಾಪುರದಲ್ಲಿ 1933ರಲ್ಲಿಯೇ ಒಣಬೇಸಾಯದ ಸಂಶೋಧನೆ ಆರಂಭವಾಗಿತ್ತು. ಮಣ್ಣನ್ನೂ ತೇವವನ್ನೂ ಹೊಲದಲ್ಲಿಯೇ ಹಿಡಿದಿಡಬೇಕೆಂಬುದು ಅದರ ಸಾರ. ಕಾಲುವೆ ಬಂದಿತೆಂದು ಆ ಪಾಠ ಹಳೆಯದಾಗುವುದಿಲ್ಲ.

ಆದ್ದರಿಂದ ಹೊಲವುಳ್ಳ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸಮತಟ್ಟು ಮಾಡಿಸುವುದಾದರೆ ಮೊದಲು ಮೇಲ್ಮಣ್ಣನ್ನು ಕೆರೆದು ಬೇರೆಡೆ ಗುಡ್ಡೆ ಹಾಕಿಸಿರಿ. ಕೆಲಸ ಮುಗಿದ ಮೇಲೆ ಅದನ್ನೇ ಮರಳಿ ಹರವಿಸಿರಿ. ಒಡ್ಡುಗಳನ್ನು ಕೆಡವದಿರಿ. ಬಾಡಿಗೆ ನಾಲ್ಕು ತಾಸು ಹೆಚ್ಚಾದೀತು, ಆಗಲಿ. ನಾನು ಆ ನಾಲ್ಕು ತಾಸು ಉಳಿಸಿದೆ. ಈಗ ವರ್ಷವರ್ಷವೂ ತಿಪ್ಪೆಗೊಬ್ಬರ ಹೇರಿಸುತ್ತಿದ್ದೇನೆ. ದಿಬ್ಬದ ಬೆಳೆ ಇನ್ನೂ ಹಳದಿಯಾಗಿಯೇ ಇದೆ.