ಅಕ್ಕಿಯ ನಾಡಿನಲ್ಲಿ ಅಡಗಿದ ಗೋಧಿ

ರಜೆಯ ದಿನಗಳಲ್ಲಿ ಸಮುದ್ರ ದಾಟಿ ಹೋಗುವುದು ಈಗ ನಮ್ಮ ಭಾಗದ ಸಾಧಾರಣ ಕುಟುಂಬಗಳಿಗೂ ರೂಢಿಯಾಗುತ್ತಿದೆ. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿಯಾದ ಶ್ರೀಲಂಕೆಯು ಅಂಥವರ ಮೊದಲ ಆಯ್ಕೆ. ಹೊರಡುವ ಮುನ್ನ ಚಿಕಿತ್ಸಾಲಯಕ್ಕೆ ಬಂದು ಜ್ವರಕ್ಕೆ, ಭೇದಿಗೆ, ವಾಂತಿಗೆ ಔಷಧಿ ಕಟ್ಟಿಸಿಕೊಂಡು ಹೋಗುವವರು ಮೊದಲಿನಿಂದಲೂ ಇದ್ದಾರೆ. ಈಚೆಗೆ ಅವರಲ್ಲಿ ಕೆಲವರು ಹೊಸ ಪ್ರಶ್ನೆಯೊಂದನ್ನು ಕೇಳತೊಡಗಿದ್ದಾರೆ. ಮನೆಯಲ್ಲಿ ಒಬ್ಬರಿಗೆ ಗೋಧಿ ವರ್ಜ್ಯ. ಅಲ್ಲಿಯಾದರೋ ಮೂರು ಹೊತ್ತೂ ಅನ್ನ, ತೆಂಗಿನಕಾಯಿ. ಅಂದ ಮೇಲೆ ಭಯವೇನೂ ಇಲ್ಲವಲ್ಲ?

ಹೌದೆಂದು ಹೇಳಿ ಕಳುಹಿಸುವುದು ಸುಲಭ. ಆದರೆ ನಮ್ಮ ಅಭಿಪ್ರಾಯ ಬೇರೆಯಾಗಿದೆ. ಆ ದ್ವೀಪದ ಹಳೆಯ ಅಡುಗೆಯು ಗೋಧಿಯನ್ನು ಒಲ್ಲದವರಿಗೆ ಬಹುಮಟ್ಟಿಗೆ ನಿರ್ಭಯವಾದದ್ದು. ಅದೇ ದ್ವೀಪದ ಇಂದಿನ ಅಂಗಡಿ, ಹೋಟೆಲುಗಳ ಅಡುಗೆ ಹಾಗಲ್ಲ. ಅಕ್ಕಿಯ ಹೆಸರನ್ನು ಹೊತ್ತ ತಿನಿಸುಗಳ ಒಳಗೇ ಗೋಧಿ ಸೇರಿಕೊಂಡಿರುವುದರಿಂದ, ನಿಶ್ಚಿಂತೆಯಿಂದ ಹೋದವರೇ ಹೆಚ್ಚು ಅಪಾಯಕ್ಕೆ ಒಳಗಾಗುತ್ತಾರೆ.

ಗೋಧಿ ಹಿಟ್ಟನ್ನು ನಾದಿದಾಗ ಬರುವ ಜಿಗುಟುತನಕ್ಕೆ ಕಾರಣವಾದ ಪ್ರೋಟೀನಿನ ಹೆಸರು ಗ್ಲುಟನ್. ಅದು ಗೋಧಿಯಲ್ಲಿ ಇರುವಂತೆ ಅದೇ ಗುಣದ ಪ್ರೋಟೀನುಗಳು ಜವೆಗೋಧಿಯಲ್ಲಿಯೂ ರೈ ಎಂಬ ಧಾನ್ಯದಲ್ಲಿಯೂ ಇವೆ. ಅಕ್ಕಿ, ಜೋಳ, ರಾಗಿ, ಸಜ್ಜೆ, ನವಣೆಗಳಲ್ಲಿ ಇಲ್ಲ. ಸೀಲಿಯಾಕ್ ಎಂಬ ಕಾಯಿಲೆಯುಳ್ಳವರಲ್ಲಿ ಈ ಪ್ರೋಟೀನು ಕರುಳನ್ನು ಮುಟ್ಟಿದೊಡನೆ ದೇಹದ ರಕ್ಷಣಾಶಕ್ತಿಯು ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರಸಾರವನ್ನು ಹೀರಿಕೊಳ್ಳುವ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಭೇದಿ, ಹೊಟ್ಟೆಯುಬ್ಬರ ಇದ್ದರೆ ರೋಗ ಬೇಗ ತಿಳಿಯುತ್ತದೆ. ಆದರೆ ಎಷ್ಟೋ ಜನರಲ್ಲಿ ಯಾವ ಔಷಧಕ್ಕೂ ಬಗ್ಗದ ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ, ಸ್ತ್ರೀಯರಲ್ಲಿ ಪದೇ ಪದೇ ಗರ್ಭಪಾತ, ಮೂಳೆಯ ಸವೆತ ಇಷ್ಟೇ ಕಾಣಿಸಿಕೊಂಡು ಹೊಟ್ಟೆಯ ದೂರು ಇರುವುದೇ ಇಲ್ಲ. ನಮ್ಮ ದೇಶದ ಬೇರೆ ಬೇರೆ ಪ್ರಾಂತಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಈ ಕಾಯಿಲೆ ಕಂಡುಬಂದಿತು. ನಮ್ಮಲ್ಲಿ ವಿರಳವೆಂಬುದೇ ಇಲ್ಲಿಯ ರೋಗಿಗೆ ಒಂದು ಕಷ್ಟ. ಅವರ ಪಥ್ಯವನ್ನು ನೆರೆಹೊರೆಯವರಾಗಲಿ, ಬಂಧುಗಳಾಗಲಿ ನಂಬುವುದಿಲ್ಲ.

ಈ ಕಾಯಿಲೆಯ ಚರಿತ್ರೆಯಲ್ಲಿ ಇನ್ನೊಂದು ಉಷ್ಣವಲಯದ ದ್ವೀಪದ ಪ್ರಸಂಗ ಬರುತ್ತದೆ. ನಮ್ಮ ವಿಷಯಕ್ಕೆ ಅದು ಬಹಳ ಹತ್ತಿರವಾದದ್ದು. ಅಮೆರಿಕದ ಮಕ್ಕಳ ವೈದ್ಯ ಸಿಡ್ನಿ ಹಾಸ್ ಅವರು 1924ರಲ್ಲಿ ಸೀಲಿಯಾಕ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದರು. ಅದಕ್ಕೆ ಅವರು ಪೋರ್ಟೊ ರಿಕೊ ದ್ವೀಪದ ಉದಾಹರಣೆ ಕೊಟ್ಟಿದ್ದರು. ಅಲ್ಲಿ ಬ್ರೆಡ್ಡನ್ನು ಹೆಚ್ಚಾಗಿ ತಿನ್ನುವ ಪಟ್ಟಣಿಗರಿಗೆ ಸ್ಪ್ರೂ ಎಂಬ ಅತಿಸಾರದ ಕಾಯಿಲೆ ಬರುತ್ತದೆ, ಬಾಳೆಯನ್ನೇ ನೆಚ್ಚಿಕೊಂಡ ರೈತರಿಗೆ ಬರುವುದಿಲ್ಲ ಎಂಬುದು ಅವರು ಕೊಟ್ಟ ನಿದರ್ಶನ. ಪಥ್ಯದಿಂದ ಮಕ್ಕಳು ಚೇತರಿಸಿಕೊಂಡದ್ದು ನಿಜ. ಆದರೆ ಗುಣ ಬಾಳೆಯದಾಗಿರಲಿಲ್ಲ, ತಟ್ಟೆಯಿಂದ ಮರೆಯಾಗಿದ್ದ ಬ್ರೆಡ್ಡಿನದಾಗಿತ್ತು. ಇದನ್ನು ತೋರಿಸಿಕೊಟ್ಟವರು ನೆದರ್‌ಲೆಂಡ್ಸಿನ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ಡು ಸಿಗದಿದ್ದಾಗಿನ ಅನುಭವವು ಅವರ ಹಿಂದಿನ ಊಹೆಯನ್ನು ಗಟ್ಟಿಮಾಡಿತು. 1950ರ ಪ್ರಬಂಧದಲ್ಲಿ ಅವರು ಗೋಧಿಯೇ ಕಾರಣವೆಂದು ಸ್ಥಾಪಿಸಿದರು. ಆಯುರ್ವೇದದಲ್ಲಿ ನಿದಾನ ಪರಿವರ್ಜನವೆಂದು ಕರೆಯುವ ಚಿಕಿತ್ಸೆ, ಅಂದರೆ ರೋಗದ ಕಾರಣವನ್ನೇ ದೂರವಿಡುವುದು, ಇಷ್ಟು ಶುದ್ಧ ರೂಪದಲ್ಲಿ ಅನ್ವಯವಾಗುವ ಕಾಯಿಲೆಗಳು ಕಡಿಮೆ. ಗ್ರಹಣಿಯ ಅಧ್ಯಾಯದಲ್ಲಿ ಹೇಳಿದ ತಕ್ರ, ದೀಪನ, ಪಾಚನಗಳು ಜೀರ್ಣಶಕ್ತಿಗೆ ನೆರವಾಗಬಲ್ಲವು. ಗೋಧಿಯನ್ನು ತಿನ್ನುತ್ತ ಈ ರೋಗವನ್ನು ಗೆಲ್ಲಿಸಿಕೊಡುವ ಔಷಧವು ನಮ್ಮ ಶಾಸ್ತ್ರದಲ್ಲಿಯೂ ಇಲ್ಲ, ಆಧುನಿಕ ವೈದ್ಯದಲ್ಲಿಯೂ ಇಲ್ಲ. ಇದೆಯೆಂದು ಹೇಳುವವರನ್ನು ನಂಬಬಾರದು.

ಶ್ರೀಲಂಕೆಗೆ ಬರೋಣ. ಆ ದ್ವೀಪದಲ್ಲಿ ಗೋಧಿ ಬೆಳೆಯುವುದಿಲ್ಲ; ಬೇಕಾದುದೆಲ್ಲ ಹಡಗಿನಲ್ಲಿ ಬರುತ್ತದೆ. ಸಿಂಹಳದಲ್ಲಿ ಬ್ರೆಡ್ಡಿಗೆ ‘ಪಾನ್’ ಎನ್ನುತ್ತಾರೆ. ಅದು ಪೋರ್ಚುಗೀಸರು ಬಿಟ್ಟುಹೋದ ಮಾತು. ಇಂದು ಪಾನ್ ಇಲ್ಲದ ಊರಿಲ್ಲ. ಬೆಳಗು ಸಂಜೆ ಬ್ರೆಡ್ಡು, ಬನ್ನುಗಳನ್ನು ತುಂಬಿಕೊಂಡ ಆಟೋಗಳು ಬೀಥೋವನ್ನನ ಸಂಗೀತದ ತುಣುಕೊಂದನ್ನು ನುಡಿಸುತ್ತ ಬೀದಿ ಬೀದಿ ಸುತ್ತುತ್ತವೆ. ಅದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಗೋಧಿ. ಅದನ್ನು ಯಾರೂ ಬಿಡಬಲ್ಲರು. ಹುರಿದ ಪರೋಟದ ಚೂರುಗಳಿಂದ ಮಾಡುವ ಕೊತ್ತು ರೊಟಿಯೂ ಹಾಗೆಯೇ.

ಕಾಣದ ಗೋಧಿಯ ಮಾತು ಬೇರೆ. ನಮ್ಮ ಶಾವಿಗೆಯಂಥ ಇಂದಿಆಪ್ಪವು ಅಕ್ಕಿ ಹಿಟ್ಟಿನದು. ಆದರೆ ಹಬೆಯಲ್ಲಿ ಬೇಯಿಸಿದ ಗೋಧಿ ಹಿಟ್ಟಿನಿಂದಲೂ ಅದನ್ನು ಒತ್ತುತ್ತಾರೆ, ಎರಡೂ ಒಂದೇ ತಟ್ಟೆಯಲ್ಲಿ ಬರಬಹುದು. ನಡುವೆ ಮೆತ್ತಗೆ, ಅಂಚಿನಲ್ಲಿ ಗರಿಗರಿಯಾದ ಬಟ್ಟಲಿನಾಕಾರದ ಆಪ್ಪಕ್ಕೆ ಕೆಲವು ಕಡೆ ಮೈದಾ ಬೆರೆಸುತ್ತಾರೆ. ಪೊಲ್ ರೊಟಿಯೆಂದರೆ ತೆಂಗಿನಕಾಯಿ ರೊಟ್ಟಿ. ಹೆಸರು ತೆಂಗಿನದು, ಹಿಟ್ಟು ಸಾಮಾನ್ಯವಾಗಿ ಗೋಧಿಯದು. ಕುರಕ್ಕನ್ ಎಂದರೆ ನಮ್ಮ ರಾಗಿಯೇ. ಅದರ ರೊಟ್ಟಿಯನ್ನು ಕಂಡು ಕನ್ನಡಿಗರಿಗೆ ಸಂತೋಷವಾಗುವುದು ಸಹಜ, ಆದರೆ ಅಂಟು ಬರಲೆಂದು ಅದಕ್ಕೂ ಮೈದಾ ಸೇರಿಸುವುದುಂಟು. ಎಲ್ಲಕ್ಕಿಂತ ನಮ್ಮವರು ಮೋಸಹೋಗುವುದು ದೋಸೆಯಲ್ಲಿ. ಯಾಳ್ಪಾಣದ ಕಡೆಯ ದೋಸೆಗೆ ಉದ್ದಿನೊಡನೆ ಗೋಧಿ ಹಿಟ್ಟನ್ನು ಬೆರೆಸುವ ರೂಢಿಯಿದೆ. ಹುಟ್ಟಿದಂದಿನಿಂದ ದೋಸೆಯೆಂದರೆ ಅಕ್ಕಿ, ಉದ್ದು ಎಂದು ತಿಳಿದವರಿಗೆ ಅಲ್ಲಿ ಕೇಳಬೇಕೆಂದೇ ತೋಚುವುದಿಲ್ಲ. ಸಸ್ಯಾಹಾರಿಗಳೆಂದು ತಿಳಿದೊಡನೆ ಹೋಟೆಲಿನವರು ಪ್ರೀತಿಯಿಂದ ಮುಂದಿಡುವ ಸೋಯಾ ತುಂಡುಗಳಲ್ಲಿ ಗೋಧಿಯಿರಬಹುದು. ಹುರಿದ ಅನ್ನಕ್ಕೆ ಹಾಕುವ ಸೋಯಾ ಸಾಸಿನಲ್ಲಿ ಬಹುತೇಕ ಗೋಧಿಯೇ ಇರುತ್ತದೆ. ಹಪ್ಪಳ ಉದ್ದಿನದಾದರೂ ಅದನ್ನು ಕರಿದ ಎಣ್ಣೆಯಲ್ಲಿ ಮೊದಲು ರೋಲು, ಸಮೋಸಗಳು ಕರಿದಿರುತ್ತವೆ. ಬೇಯಿಸಿದರೆ, ಕರಿದರೆ ಗ್ಲುಟನ್ ನಾಶವಾಗುವುದಿಲ್ಲ.

ಇಷ್ಟೆಲ್ಲ ಬಿಟ್ಟರೆ ತಿನ್ನುವುದೇನನ್ನು ಎಂದು ಕೇಳಬಹುದು. ಉಳಿಯುವುದೇ ಅಲ್ಲಿಯ ನಿಜವಾದ ಸಂಪತ್ತು. ಬೆಳಗ್ಗೆ ಕೊಲ ಕೆಂದ ಕುಡಿಯಬೇಕೆಂದು ನಾವು ಎಲ್ಲರಿಗೂ ಹೇಳುತ್ತೇವೆ. ಅದು ಅಕ್ಕಿಯ ಗಂಜಿಗೆ ತೆಂಗಿನಹಾಲು ಸೇರಿಸಿ, ಒಂದೆಲಗ, ಶತಾವರಿ, ಕರಿಬೇವು ಮೊದಲಾದ ಎಲೆಗಳಲ್ಲಿ ಯಾವುದಾದರೊಂದರ ರಸವನ್ನು ಬೆರೆಸಿದ ಹಸುರು ಪೇಯ. ಜೊತೆಗೆ ಬೈನೆ ಮರದ ಬೆಲ್ಲದ ಚೂರು. ನಮ್ಮ ಗ್ರಂಥಗಳಲ್ಲಿ ಪೇಯಾ ಎಂದು ಹೇಳಿದ ಕಲ್ಪನೆಯೇ ಇದು. ನೀರು, ಗಿಡಮರಗಳು ತುಂಬಿದ ಆನೂಪ ದೇಶದಲ್ಲಿ ಕಫ ಹೆಚ್ಚಿ ಅಗ್ನಿ ಮಂದವಾಗುವುದರಿಂದ ಬೆಳಗಿನ ಹೊತ್ತು ಬಿಸಿಯಾದ, ತೆಳುವಾದ, ಲಘುವಾದ ಆಹಾರವನ್ನು ಅಲ್ಲಿಯ ಹಿರಿಯರು ಆರಿಸಿಕೊಂಡದ್ದು ಉಚಿತವಾಗಿಯೇ ಇದೆ. ತೆಂಗಿನಹಾಲಿನಲ್ಲಿ ಬೇಯಿಸಿದ ಕಿರಿಬತ್, ಕೆಂಪಕ್ಕಿಯ ಅನ್ನ, ಬೇಳೆಯ ಪಲ್ಯ, ಎಳೆಯ ಹಲಸಿನ ಪೊಲೊಸ್, ಬಲಿತ ಹಲಸಿನ ತೊಳೆ, ದೀವಿಹಲಸು, ಬೇಯಿಸಿದ ಮರಗೆಣಸು, ಸೊಪ್ಪನ್ನು ಸಣ್ಣಗೆ ಹೆಚ್ಚಿ ತೆಂಗಿನತುರಿಯೊಡನೆ ಕಲಸಿದ ಮಲ್ಲುಂಗ್, ಎಮ್ಮೆಯ ಮೊಸರಿನ ಮೇಲೆ ಬೈನೆಯ ಜೋನಿಬೆಲ್ಲ. ವಾರವೊಂದನ್ನು ಇದರಲ್ಲಿಯೇ ಸುಖವಾಗಿ ಕಳೆಯಬಹುದು. ಸಸ್ಯಾಹಾರಿಗಳಾದ ನಮ್ಮ ಓದುಗರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಪೊಲ್ ಸಂಬೋಲ್ ಎಂಬ ತೆಂಗಿನಕಾಯಿ ಚಟ್ನಿಗೂ ಎಷ್ಟೋ ತರಕಾರಿ ಪಲ್ಯಗಳಿಗೂ ಉಂಬಲಕಡ ಎಂಬ ಒಣಮೀನಿನ ಪುಡಿ ಬೀಳುತ್ತದೆ. ಅದನ್ನು ಮೀನೆಂದು ಲೆಕ್ಕಿಸದೆ ಮಸಾಲೆಯೆಂದೇ ತಿಳಿದವರು ಅಲ್ಲಿ ಬಹಳ.

ಕೇಳುವಾಗ ‘ಗ್ಲುಟನ್ ಇದೆಯೆ?’ ಎಂದರೆ ಸಣ್ಣ ಹೋಟೆಲುಗಳಲ್ಲಿ ಪ್ರಯೋಜನವಿಲ್ಲ. ಯಾವ ಹಿಟ್ಟೆಂದು ಕೇಳಬೇಕು. ಸಿಂಹಳದಲ್ಲಿ ‘ಪಾನ್ ಪಿಟಿ’ ಎಂದರೆ ಗೋಧಿ ಹಿಟ್ಟು, ‘ಹಾಲ್ ಪಿಟಿ’ ಎಂದರೆ ಅಕ್ಕಿ ಹಿಟ್ಟು. (ಅಲ್ಲಿ ಹಾಲ್ ಎಂದರೆ ಅಕ್ಕಿ, ನಮ್ಮ ಹಾಲಿಗೆ ಅವರು ಕಿರಿ ಎನ್ನುತ್ತಾರೆ.) ತಮಿಳರಲ್ಲಿ ‘ಕೋದುಮೈ ಮಾ’, ‘ಅರಿಸಿ ಮಾ’. ಈ ನಾಲ್ಕು ಮಾತುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಅಡುಗೆಯವರನ್ನೇ ಕೇಳುವುದು ಒಳ್ಳೆಯದು. ಬಡಿಸುವವರು ಅತಿಥಿಯ ಮನಸ್ಸು ನೋಯದಿರಲೆಂದು ತಲೆಯಾಡಿಸಿಬಿಡುತ್ತಾರೆ. ದೊಡ್ಡ ಹೋಟೆಲಿನ ಸಾಲು ಪಾತ್ರೆಗಳ ಊಟಕ್ಕಿಂತ, ಕುಟುಂಬದವರೇ ನಡೆಸುವ ತಂಗುಮನೆಯ ಅಡುಗೆ ನಮ್ಮ ದೃಷ್ಟಿಯಲ್ಲಿ ಹೆಚ್ಚು ಸುರಕ್ಷಿತ. ಅಲ್ಲಿ ಮಡಕೆಗೆ ಏನು ಬಿತ್ತೆಂದು ಬಲ್ಲವರು ಎದುರಿಗೇ ಇರುತ್ತಾರೆ. ಒಂದೇ ಸೌಟು ನಾಲ್ಕು ಪಾತ್ರೆಗಳಲ್ಲಿ ಓಡಾಡುವ ಪ್ರಮಾದವೂ ಕಡಿಮೆ.

ಆದರೆ ಅಪಾಯವು ಪರದೇಶದ ಅಡುಗೆಮನೆಯಿಂದ ಮಾತ್ರ ಬರುವುದಿಲ್ಲ, ಜೊತೆಯಲ್ಲಿ ಹೋದವರಿಂದಲೂ ಬರುತ್ತದೆ. ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿರುವ ತರುಣಿಯೊಬ್ಬಳು ಮೂರು ವರ್ಷ ಕಟ್ಟುನಿಟ್ಟಾಗಿ ಪಥ್ಯ ಮಾಡಿ, ಆರಕ್ಕೆ ಇಳಿದಿದ್ದ ಹಿಮೋಗ್ಲೋಬಿನ್ನನ್ನು ಹನ್ನೆರಡಕ್ಕೆ ತಂದುಕೊಂಡಿದ್ದಳು. ಮದುವೆಯಾಗಿ ಗಂಡನ ಮನೆಯವರೊಡನೆ ಪ್ರವಾಸ ಹೋದಾಗ, ‘ರಜೆಗೆ ಬಂದು ಪಥ್ಯವೇನವ್ವಾ, ನಾಲ್ಕು ದಿನ ತಿಂದರೆ ಏನೂ ಆಗೂದಿಲ್ಲ’ ಎಂದು ಅತ್ತೆಯವರು ಒತ್ತಾಯಿಸಿದರು. ಹೊಸ ಸೊಸೆ ಎದುರಾಡಲಿಲ್ಲ. ತಿಂದಾಗ ಏನೂ ಆಗಲಿಲ್ಲವೆಂಬುದೇ ಹೆಚ್ಚಿನ ಕೇಡಾಯಿತು. ತಿರುಗಿ ಬಂದ ಮೇಲೆಯೂ ಮನೆಯಲ್ಲಿ ಚಪಾತಿ ಮುಂದುವರಿಯಿತು. ಎಂಟು ತಿಂಗಳ ನಂತರ ಅವಳು ಬಂದಾಗ ಮುಖ ಮತ್ತೆ ಬಿಳಿಚಿತ್ತು. ಇಂಥ ರೋಗಿಗಳು ದಿನಕ್ಕೆ 10 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟನ್ ಸೇವಿಸಬಾರದೆಂದು ತಜ್ಞರು ಹೇಳುತ್ತಾರೆ. ಒಂದು ಬ್ರೆಡ್ಡಿನ ತುಂಡಿನಲ್ಲಿ ಸುಮಾರು 2 ಗ್ರಾಂ ಇರುತ್ತದೆ. ಅಂದರೆ ಆ ತುಂಡನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲು. ಇಂಥವರನ್ನು ‘ಒಂದು ತುತ್ತು’ ಎಂದು ಒತ್ತಾಯಿಸುವುದು ಪ್ರೀತಿಯಲ್ಲ. ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸುವಾಗ ಮಗುವೊಂದು ಎಲೆಯ ಮೇಲೆ ಕೈಯಡ್ಡ ಹಿಡಿದರೆ, ಅದನ್ನು ಅನಾದರವೆಂದು ಭಾವಿಸದೆ ಅನ್ನ ಬಡಿಸಿ ಮುಂದೆ ಹೋಗಬೇಕು.

ಇನ್ನು ಯಾವ ಕಾಯಿಲೆಯೂ ಇಲ್ಲದೆ ತೂಕ ಇಳಿಸಲೆಂದು, ಅಥವಾ ಯಾರೋ ನಟರು ಬಿಟ್ಟರೆಂದು ಗೋಧಿ ಬಿಡುವವರ ವಿಷಯ. ಗೋಧಿಯನ್ನು ನಮ್ಮ ಶಾಸ್ತ್ರವು ಬಲ್ಯ, ಬೃಂಹಣ, ಸಂಧಾನಕರ ಎಂದು ಹೊಗಳಿದೆ. ತಲೆಮಾರುಗಳಿಂದ ತಿಂದು ದೇಹಕ್ಕೆ ಒಗ್ಗಿದ ಧಾನ್ಯವನ್ನು ವಿನಾಕಾರಣ ಬಿಡುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ. ದ್ವೀಪದ ಹೋಟೆಲಿನಲ್ಲಿ ಇಂಥವರು ‘ಗ್ಲುಟನ್ ರಹಿತ’ ಎಂಬ ಚೀಟಿಯಿರುವ ಕೇಕನ್ನು ಕೇಳಿ ತರಿಸಿಕೊಳ್ಳುತ್ತಾರೆ. ಅದರಲ್ಲಿರುವುದು ಪಿಷ್ಟ, ಸಕ್ಕರೆ, ಕೊಬ್ಬು. ಇವರ ಗದ್ದಲದಿಂದಾಗಿ ಅಡುಗೆಯವರು ನಿಜವಾದ ರೋಗಿಯ ಮಾತನ್ನೂ ಹಗುರವಾಗಿ ಕಾಣುತ್ತಾರೆ. ಸಂಶಯವಿದ್ದವರು ಗೋಧಿಯನ್ನು ಬಿಡುವ ಮೊದಲೇ ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಬಿಟ್ಟು ಕೆಲವು ತಿಂಗಳಾದ ಮೇಲೆ ಮಾಡಿಸಿದರೆ ರೋಗವಿದ್ದೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಕಟ್ಟಿಕೊಂಡು ಹೋಗುವ ಬುತ್ತಿಗೆ ನಮ್ಮ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಗಿಂತ ಮೇಲಾದದ್ದಿಲ್ಲ, ವಾರವಾದರೂ ಕೆಡದು. ಆದರೆ ಜೋಳವನ್ನು ಎಲ್ಲಿ ಬೀಸಿಸಿದಿರಿ? ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿಸಿದರೆ ಮೊದಲ ಸೇರುಗಳ ತುಂಬ ಗೋಧಿಯೇ ಇರುತ್ತದೆ. ಇಂಥ ಮನೆಗಳಲ್ಲಿ ಸಣ್ಣ ಬೀಸುವ ಯಂತ್ರವೊಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಮೇಲು. ಚಟ್ನಿಪುಡಿಯ ಇಂಗನ್ನೂ ನೋಡಬೇಕು. ಅಂಗಡಿಯ ಇಂಗಿನ ಡಬ್ಬಿಗಳಲ್ಲಿ ಅನೇಕಕ್ಕೆ ಮೈದಾ ಬೆರೆತಿರುತ್ತದೆ, ಡಬ್ಬಿಯ ಮೇಲೆ ಅದನ್ನು ಬರೆದಿರುತ್ತಾರೆ. ಗ್ಲುಟನ್ ರಹಿತವೆಂದು ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟನ್ ಇರಬಾರದೆಂಬುದು ನಮ್ಮ ದೇಶದ ನಿಯಮ.

ಕಡೆಯದಾಗಿ ನಮ್ಮ ವೃತ್ತಿಗೆ ಸೇರಿದ ಮಾತು. ಶ್ರೀಲಂಕೆಯ ನೈಋತ್ಯ ಕರಾವಳಿಯ ಬೆಂತೋಟ, ಬೇರುವಲಗಳಲ್ಲಿ ಆಯುರ್ವೇದ ಚಿಕಿತ್ಸೆಯೊಡನೆ ವಸತಿ ಕೊಡುವ ತಾಣಗಳು ಬಹಳ ಇವೆ. ಆಯುರ್ವೇದವೆಂದೊಡನೆ ಎಲ್ಲವೂ ನಿರಪಾಯವೆಂದು ತಿಳಿಯಬಾರದು. ಅಗಸ್ತ್ಯ ಹರೀತಕಿಯಂಥ ಯೋಗಗಳಲ್ಲಿ ಯವ, ಅಂದರೆ ಜವೆಗೋಧಿ, ಒಂದು ದ್ರವ್ಯವಾಗಿದೆ. ಹಿಂಗ್ವಷ್ಟಕ ಚೂರ್ಣಕ್ಕೆ ಹಾಕಿದ ಇಂಗು ಶುದ್ಧವೋ ಮೈದಾ ಬೆರೆತದ್ದೋ ಎಂಬುದನ್ನು ತಯಾರಿಸಿದವರೇ ಹೇಳಬೇಕು. ಸೀಲಿಯಾಕ್ ರೋಗಿಯು ತನ್ನ ಕಾಯಿಲೆಯನ್ನು ಅಲ್ಲಿಯ ವೈದ್ಯರಿಗೆ ಮೊದಲ ದಿನವೇ ತಿಳಿಸಿ, ಹೊಟ್ಟೆಗೆ ಕೊಡುವ ಪ್ರತಿಯೊಂದು ಔಷಧದ ದ್ರವ್ಯಗಳನ್ನು ಕೇಳಬೇಕು. ಸ್ಪಷ್ಟ ಉತ್ತರ ದೊರೆಯದಿದ್ದರೆ ಎಳ್ಳೆಣ್ಣೆಯ ಅಭ್ಯಂಗ, ಹಬೆಯ ಸ್ವೇದನ ಇಷ್ಟೇ ಸಾಕೆಂದು ಹೇಳಿ, ಬೆಳಗಿನ ಕೊಲ ಕೆಂದವನ್ನು ಮಾತ್ರ ತಪ್ಪದೆ ಕೊಡಿರೆಂದು ಕೇಳಿಕೊಳ್ಳಬಹುದು.